ಟಪಾಲಮ್ಮನ ಹೆಜ್ಜೆಯ ಸದ್ದು

ಮನೆಯಲ್ಲಿ ಅವಳೇ ಕೊನೆಯವಳು, ಅಕ್ಕನ ಮಗಳಿಗೆ ಚಿಕ್ಕಮ್ಮ. ಆಫೀಸಿನಲ್ಲಿ ಮಾತ್ರ ಅವಳಿಗಿಂತ ಹತ್ತು ವರ್ಷ ಹಿರಿಯರೂ ಮೊನ್ನೆ ಮೊನ್ನೆ ಸೇರಿಕೊಂಡವರೂ ಒಂದೇ ಬಾಯಿಯಲ್ಲಿ 'ದೊಡ್ಡಕ್ಕ' ಅನ್ನುತ್ತಿದ್ದರು. ಯಾಕೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಕೂತ ಕುರ್ಚಿ ಕಿರ್ರೆಂದಿತು, ಯಾರೋ ಹಾಗೆ ಕರೆದರು, ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವತ್ತು ಮುಖ ಗಂಟಿಕ್ಕಿಕೊಂಡಿದ್ದರೆ ಆ ಹೆಸರು ಸಂಜೆಯೊಳಗೆ ಉದುರಿಹೋಗುತ್ತಿತ್ತೋ ಏನೋ. ನಕ್ಕುಬಿಟ್ಟಳಲ್ಲ, ಅಂಟಿಕೊಂಡಿತು. ಹದಿನೇಳು ವರ್ಷವಾದ ಮೇಲೆ ಈಗ ಹಾಜರಿ ಪುಸ್ತಕ ನೋಡಿಕೊಳ್ಳುವವನೂ ಅವಳ ಸ್ವಂತ ಹೆಸರಿಗಾಗಿ ತಲೆ ಕೆರೆದುಕೊಳ್ಳುತ್ತಾನೆ.

ಅದು ಮಕ್ಕಳ ಕಾರ್ಟೂನು ಮಾಡುವ ಸ್ಟುಡಿಯೋ. ಹಳೆಯ ಗೋದಾಮೊಂದರ ಮೂರನೇ ಮಹಡಿಯ ಉದ್ದನೆಯ ಹಾಲಿನಲ್ಲಿ ಇಪ್ಪತ್ತೆರಡು ಮೇಜು, ಪ್ರತಿ ಮೇಜಿಗೂ ಒಂದು ಅಂಗೈಯಗಲದ ಕನ್ನಡಿ. ಬರೆಯಬೇಕಾದ ಮುಖವನ್ನು ಮೊದಲು ಕನ್ನಡಿಯಲ್ಲಿ ತಾವೇ ಮಾಡಿ ನೋಡಿ ಆಮೇಲೆ ಬರೆಯುವುದು ಅಲ್ಲಿನ ಪದ್ಧತಿ. ಒಬ್ಬ ಹುಬ್ಬು ಏರಿಸುತ್ತಿರುತ್ತಾನೆ, ಪಕ್ಕದವಳು ನಾಲಿಗೆ ಚಾಚಿಕೊಂಡು ಕೂತಿರುತ್ತಾಳೆ. ಹೊಸಬರು ಯಾರಾದರೂ ಒಳಗೆ ಬಂದರೆ ಬಾಗಿಲಲ್ಲೇ ಒಂದು ಗಳಿಗೆ ನಿಲ್ಲುತ್ತಾರೆ.

ಮುಖಕ್ಕಾದರೆ ಕನ್ನಡಿ ಸಾಕು, ಮೈಯ ಚಲನೆಗೆ ಸಾಲದು. ಅದಕ್ಕಾಗಿ ಹಾಲಿನ ಹಿಂದುಗಡೆ ಒಂದು ನೀಲಿ ಹಾಸಿಗೆ, ಎದುರಿಗೆ ಒಂದು ಕ್ಯಾಮೆರಾ. ಓಡುವುದು, ಎಡವುವುದು, ಮರ ಹತ್ತುವುದು ಏನೇ ಇದ್ದರೂ ಒಬ್ಬರು ಅಲ್ಲಿ ಮಾಡಿ ತೋರಿಸುತ್ತಾರೆ, ಅದನ್ನು ನೋಡಿಕೊಂಡು ಉಳಿದವರು ಬರೆಯುತ್ತಾರೆ. ಪಾತ್ರ ತೆಳ್ಳಗಿದ್ದರೆ ಯಾರು ಬೇಕಾದರೂ ಮಾಡಬಹುದಿತ್ತು. ದಪ್ಪ ಪಾತ್ರ ಬಂತೋ, ಹಾಲಿನ ಆ ತುದಿಯಿಂದ ಕೂಗು ಬರುತ್ತಿತ್ತು.

"ದೊಡ್ಡಕ್ಕಾ, ಒಂದ್ಸಲ ಬಿದ್ದು ತೋರಿಸ್ತೀರಾ?"

ಅವಳು ಪೆನ್ಸಿಲು ಕೆಳಗಿಟ್ಟು ಹೋಗಿ ಬೀಳುತ್ತಿದ್ದಳು. ಸೇಠಾಣಿಯಾಗಿ ಬಿದ್ದಳು, ಅಡುಗೆಯವನಾಗಿ ಬಿದ್ದಳು, ನೀರಾನೆಯಾಗಿ, ಕಳ್ಳನನ್ನು ಹಿಡಿಯಲಾಗದ ಪೊಲೀಸನಾಗಿ ಬಿದ್ದಳು. ಮಂಡಿಗೆ ಪೆಟ್ಟಾದರೆ ಸಂಜೆ ಅಕ್ಕ ಎಣ್ಣೆ ತಿಕ್ಕುವಳು, "ಕೈಯಲ್ಲಿ ಬರೆಯೋ ಕೆಲಸ ಅಂತ ಹೇಳಿ ಸೇರ್ಕೊಂಡೆ, ಮಂಡಿ ಯಾಕೆ ಊದತ್ತೆ?" ಎಂದು ಗೊಣಗುವಳು. ಈ ಕಾರ್ಟೂನು ಲೋಕದಲ್ಲಿ ದಪ್ಪಗಿರುವವರಿಗೆ ಬೇರೆ ಉದ್ಯೋಗವೇ ಇಲ್ಲ ನೋಡಿ. ತಿನ್ನಬೇಕು, ಇಲ್ಲವಾದರೆ ಬೀಳಬೇಕು. ಒಬ್ಬ ದಪ್ಪನೆಯ ಹೆಂಗಸು ಸುಮ್ಮನೆ ಕಿಟಕಿಯ ಹತ್ತಿರ ನಿಂತು ಏನೋ ಯೋಚನೆ ಮಾಡುವ ಒಂದೇ ಒಂದು ಚಿತ್ರವನ್ನು ಹದಿನೇಳು ವರ್ಷದಲ್ಲಿ ಯಾರೂ ಅವಳಿಗೆ ಬರೆಯಲು ಕೊಡಲಿಲ್ಲ.

ಅವಳ ಬೀಳುವಿಕೆಗಳಲ್ಲೆಲ್ಲ ಹೆಸರು ಮಾಡಿದ್ದು ಢಮಾರ್ ಎಂಬ ಕರಡಿ. ಕೂತಲ್ಲಿ ಕುರ್ಚಿ ಮುರಿಯುವುದು, ನಿಂತಲ್ಲಿ ಸೇತುವೆ ಮುರಿಯುವುದು ಅದರ ಕೆಲಸ. ಮೈ ಅವಳದು, ಬರೆದ ಕೈಯೂ ಅವಳದೇ. ಊರ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮಾತ್ರ ಮುಗಿದ ಕಾರ್ಟೂನನ್ನು ಟೀವಿಯಲ್ಲಿ ಎಂದೂ ನೋಡುತ್ತಿರಲಿಲ್ಲ. ಬಿದ್ದದ್ದೇ ಸಾಕು, ಅದನ್ನು ಮತ್ತೆ ಬೇರೆ ನೋಡಬೇಕೇ ಎನ್ನುವುದು ಅವಳ ಲೆಕ್ಕ.

ಅಕ್ಕನ ಮಗಳಿಗೆ ಒಂಬತ್ತು ವರ್ಷ. ಚಿಕ್ಕಮ್ಮನದೇ ಅಚ್ಚು, ಅದೇ ಕೆನ್ನೆ, ಅದೇ ತೋಳು, ಅದೇ ಹೊಟ್ಟೆ. ಒಂದು ಸಂಜೆ ಅವಳು ಸ್ಕೂಲಿನಿಂದ ಬಂದವಳೇ ಚೀಲವನ್ನು ಮೂಲೆಗೆಸೆದು ಕೂತಳು. ಚೀಲದ ಮೇಲೆ ಯಾರೋ ಕರಡಿಯ ಚಿತ್ರ ಅಂಟಿಸಿದ್ದರು. ಬಹಳ ಪುಸಲಾಯಿಸಿದ ಮೇಲೆ ಬಾಯಿಬಿಟ್ಟಳು.

"ಢಮಾರ್‌ನ ಮಾಡೋದು ನಮ್ ಚಿಕ್ಕಮ್ಮನೇ ಅಂತ ನಾನೇ ಎಲ್ರಿಗೂ ಹೇಳ್ದೆ. ಆಮೇಲಿಂದ ನನ್ನನ್ನೇ ಢಮಾರ್ ಅಂತಾರೆ. ನಾನು ಕೂತ್ಕೊಳ್ಳೋವಾಗ ಎಲ್ಲರೂ ಬೆಂಚು ಹಿಡ್ಕೋತಾರೆ."

ಜಂಬದಿಂದ ಹೇಳಿಕೊಂಡಿತ್ತು ಮಗು! ಚಿಕ್ಕಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಬೈಯಲು ಯಾರೂ ಇರಲಿಲ್ಲ. ಆ ಚಿತ್ರವನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಳು. ಕಿತ್ತದ್ದು ತಾನೇ ಬರೆದ ಗೆರೆಗಳನ್ನು.

"ನಾನು ಇನ್ನೊಬ್ಬಳನ್ನ ಮಾಡ್ತೀನಿ ಕಣೇ. ಬೀಳದೇ ಇರೋಳನ್ನ."

"ದಪ್ಪಗಿರ್ತಾಳಾ?"

"ನನ್ನಷ್ಟೇ ದಪ್ಪ."

"ಯಾರೂ ನಗಲ್ವಾ?"

"ಯಾರೂ ನಗಲ್ಲ. ನನ್ನಾಣೆ."

ಆಣೆ ಇಡುವುದೇನೋ ಸುಲಭ. ಮಾರನೆಯ ವಾರವೇ ಹೊಸ ಧಾರಾವಾಹಿಯ ಪಾತ್ರಗಳನ್ನು ಗೋಡೆಗೆ ಅಂಟಿಸಿದರು. ಒಂದು ಬೀದಿ, ಅದರ ಜನ, ಆ ಬೀದಿಗೆ ಕಾಗದ ಹಂಚುವ ದಪ್ಪನೆಯ ಟಪಾಲಮ್ಮ. ಮೊದಲ ಕಂತಿನಲ್ಲೇ ಅವಳು ಒಂದು ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳಬೇಕು, ಬೀದಿಯ ಮಕ್ಕಳೆಲ್ಲ ಸೇರಿ ಎಳೆಯಬೇಕು, ಅವಳು ಹೂಕೋಸಿನ ಗಾಡಿಯ ಮೇಲೆ ಬೀಳಬೇಕು. ದೊಡ್ಡಕ್ಕ ಸೀದಾ ನಿರ್ದೇಶಕರ ಕೋಣೆಗೆ ಹೋದಳು. ಅವರು ಒಂದು ಕಾಲದಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು, ಎಲ್ಲರಿಗೂ ಮೇಷ್ಟ್ರು. ಕೆಟ್ಟವರಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಮುಖಕ್ಕೆ ಉಗಿದು ಬರಬಹುದಿತ್ತು.

"ಟಪಾಲಮ್ಮನ್ನ ನಂಗೆ ಕೊಡಿ ಮೇಷ್ಟ್ರೇ. ಗೇಟು ಬೇಡ, ಹೂಕೋಸು ಬೇಡ. ಸುಮ್ನೆ ಬೀದಿಲಿ ನಡ್ಕೊಂಡು ಬಂದು, ಮೆಟ್ಲು ಹತ್ತಿ ಕಾಗದ ಕೊಟ್ಟು ಹೋಗ್ಲಿ."

"ಗೇಟಲ್ಲಿ ಸಿಕ್ಕೊಳ್ದೇ ಇದ್ರೆ ಅವಳು ದಪ್ಪ ಇರೋದಾದ್ರೂ ಯಾಕಮ್ಮಾ?"

"ನಾನು ಯಾಕೆ ದಪ್ಪ ಇದೀನಿ ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಆಯ್ತು, ತಗೋ. ಆದ್ರೆ ಬೇಜಾರು ಹಿಡಿಸ್ಬಾರ್ದು, ನೋಡು," ಅಂದರು.

ನಾಲ್ಕು ತಿಂಗಳು ಅವಳು ನೀಲಿ ಹಾಸಿಗೆಯ ಕಡೆ ತಲೆಹಾಕಲಿಲ್ಲ. ಗೋದಾಮಿನ ಹಿಂದಿನ ಮೆಟ್ಟಿಲಿಗೆ ಕ್ಯಾಮೆರಾ ಒಯ್ದು ತನ್ನನ್ನೇ ತಾನು ಹಿಡಿದಳು, ಹತ್ತುವಾಗ, ಇಳಿಯುವಾಗ, ತಿರುವಿನಲ್ಲಿ ಉಸಿರಿಗೆ ನಿಲ್ಲುವಾಗ. ಅಷ್ಟು ವರ್ಷ ಆ ಮೈಯನ್ನು ಹೊತ್ತು ತಿರುಗಿದ್ದಳೇ ಹೊರತು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ. ನೋಡಿದರೆ ಅದೆಷ್ಟು ಜಾಣ ಮೈ ಅದು! ತೂಕವಿದ್ದ ಕಾಲು ಧೊಪ್ಪೆಂದು ಬೀಳುವುದೇ ಇಲ್ಲ. ಮಂಡಿಗೆ ತನ್ನ ಕಷ್ಟ ಗೊತ್ತು. ಮೊದಲು ಬೆರಳು ನೆಲ ಮುಟ್ಟಿ ವಿಚಾರಿಸಿಕೊಳ್ಳುತ್ತದೆ, ಆಮೇಲೆ ಪಾದ ಮೆಲ್ಲಗೆ ಊರುತ್ತದೆ, ಸೊಂಟ ಒಂದು ಗಳಿಗೆ ತಡವಾಗಿ ಹಿಂದೆ ಬರುತ್ತದೆ. ಹೊಟ್ಟೆಯ ಮೇಲೆ ಅಡ್ಡಲಾಗಿ ಬಿದ್ದ ಚೀಲದ ಪಟ್ಟಿಯನ್ನು ಹೆಬ್ಬೆರಳಿನಿಂದ ಸರಿಪಡಿಸಿಕೊಳ್ಳುವ ಒಂದು ಅಭ್ಯಾಸ ತನಗಿದೆ ಅನ್ನುವುದೂ ಅವಳಿಗೆ ಆಗಲೇ ಗೊತ್ತಾದದ್ದು. ಅಷ್ಟನ್ನೂ ಟಪಾಲಮ್ಮನಿಗೆ ಧಾರೆಯೆರೆದಳು. ಅಳಿಸಿ ಅಳಿಸಿ ಕಾಗದ ತೂತಾಗುವವರೆಗೂ ಬರೆದಳು.

ಮೇಷ್ಟ್ರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮುಗಿದ ಚಿತ್ರವನ್ನು ಎಲ್ಲರೂ ಕೂತು ನೋಡಿ ಒಪ್ಪುವುದು ಸದ್ದಿಲ್ಲದೆ. ಹಾಡು, ಮಾತು, ದಡಬಡ ಇದ್ದರೆ ಕಣ್ಣು ಮೋಸಹೋಗುತ್ತದೆ, ಗೆರೆಯ ತಪ್ಪು ಕಾಣುವುದಿಲ್ಲ ಎನ್ನುವುದು ಅವರ ವಾದ. ಮೂಕಚಿತ್ರಕ್ಕೆ ಬರೆದವರು ಸಹಿ ಹಾಕಿದರೆ ಅವರ ಕೆಲಸ ಮುಗಿಯಿತು. ಅಲ್ಲಿಂದ ಅದು ಕೆಳಗಿನ ಮಹಡಿಗೆ, ಸೌಂಡಿನವನ ಕೋಣೆಗೆ ಹೋಗುತ್ತದೆ.

ಅವತ್ತು ಹಾಲಿನಲ್ಲಿ ಇಪ್ಪತ್ತೆರಡು ಜನ ಸಾಲಾಗಿ ಕೂತರು. ಪರದೆಯ ಮೇಲೆ ಟಪಾಲಮ್ಮ ಬೀದಿಯ ಆ ತುದಿಯಿಂದ ನಡೆದು ಬಂದಳು. ಹೆಬ್ಬೆರಳಿನಿಂದ ಪಟ್ಟಿ ಸರಿಮಾಡಿಕೊಂಡಳು. ಮೆಟ್ಟಿಲು ಹತ್ತಿದಳು, ತಿರುವಿನಲ್ಲಿ ನಿಂತು ಕಿಟಕಿಯಾಚೆ ಸುಮ್ಮನೆ ನೋಡಿದಳು, ಕಾಗದ ಕೊಟ್ಟಳು. ಒಬ್ಬರೂ ನಗಲಿಲ್ಲ, ಆಕಳಿಸಲೂ ಇಲ್ಲ. ಬಾಗಿಲ ಹತ್ತಿರ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು. "ಈಯಮ್ಮ ಯಾರೋ ನಮ್ಮೋಳ ಥರಾನೇ ಇದಾಳಲ್ಲ," ಅಂದಳು. ಮೇಷ್ಟ್ರು ಚಾಚಿದ ಹಾಳೆಗೆ ದೊಡ್ಡಕ್ಕ ಸಹಿ ಹಾಕಿದಳು. ಆ ಹಾಳೆಯಲ್ಲಿ ಅವಳ ಸ್ವಂತ ಹೆಸರಿತ್ತು.

ಎರಡು ದಿನ ಬಿಟ್ಟು ಸೌಂಡಿನವನೇ ಮೇಲೆ ಬಂದ. "ದೊಡ್ಡಕ್ಕಾ, ಟಪಾಲಮ್ಮಂಗೆ ನಿಜವಾದ ಹೆಜ್ಜೆ ಬೇಕು. ನಡೆದು ಕೊಡ್ತೀರಾ?" ಅವಳಿಗೆ ಹಿಗ್ಗೋ ಹಿಗ್ಗು. ಇವನಾದರೂ ಶ್ರದ್ಧೆಯ ಮನುಷ್ಯ ಅಂದುಕೊಂಡಳು. ಅವನ ಕೋಣೆಯಲ್ಲಿ ಮರದ ಹಲಗೆಯ ಮೇಲೆ ಚಪ್ಪಲಿ ಹಾಕಿಕೊಂಡು ನಡೆದಳು, ಬರಿಗಾಲಲ್ಲಿ ನಡೆದಳು. ಅವನು ಮೈಕನ್ನು ಹತ್ತಿರ ತಂದ, ಇನ್ನೂ ಹತ್ತಿರ ತಂದ, ಕೊನೆಗೆ ಕಿವಿಯಿಂದ ಹೆಡ್‌ಫೋನು ತೆಗೆದ.

"ಸದ್ದೇ ಬರ್ತಿಲ್ವಲ್ರೀ! ಬೆಕ್ಕಿನ ಥರ ನಡೀತೀರಲ್ಲ!"

ಇದಕ್ಕಿಂತ ದೊಡ್ಡ ಹೊಗಳಿಕೆ ಅವಳ ಜನ್ಮದಲ್ಲಿ ಬಂದಿರಲಿಲ್ಲ. ಮನೆಗೆ ಬಂದು ಅಕ್ಕನಿಗೂ ಮಗಳಿಗೂ ಅದನ್ನೇ ಮೂರು ಸಲ ಹೇಳಿದಳು. ಮಗು ಎದ್ದು ಗೋಡೆಯಿಂದ ಗೋಡೆಗೆ ನಡೆದು, ಕಿವಿಗೊಟ್ಟು, "ನಂದೂ ಸದ್ದಿಲ್ಲ ಚಿಕ್ಕಮ್ಮಾ! ನಾನೂ ಬೆಕ್ಕೇ!" ಎಂದು ಚಪ್ಪಾಳೆ ತಟ್ಟಿತು. ಸದ್ದು ಬರದಿದ್ದರೆ ಆ ಮನುಷ್ಯ ಏನು ಮಾಡುತ್ತಾನೆ ಅನ್ನುವ ಪ್ರಶ್ನೆ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಗೆರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾವಲು ಕಾದವಳು, ಕಿವಿಯ ಬಾಗಿಲನ್ನು ಹಾರುಹೊಡೆದು ಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೊದಲ ಕಂತು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳು ಟೀವಿಯ ಮುಂದೆ ಕೂತಳು. ಮಗು ಮೇಲಿನ ಮನೆಯ ಇಬ್ಬರು ಹುಡುಗಿಯರನ್ನು ಕೈ ಹಿಡಿದು ಎಳೆದುಕೊಂಡು ಬಂದಿತ್ತು, ಅವರೂ ಅದೇ ಕ್ಲಾಸು. "ಇವಳು ಬೀಳಲ್ಲ, ನೋಡ್ತಿರಿ," ಎಂದು ಮುಂಚಿತವಾಗಿಯೇ ಹೇಳಿಯಾಗಿತ್ತು.

ಟಪಾಲಮ್ಮ ಬೀದಿಯ ತುದಿಯಲ್ಲಿ ಕಾಣಿಸಿಕೊಂಡಳು. ಒಂದು ಕಾಲು ಮೆಲ್ಲಗೆ ನೆಲಕ್ಕೆ ಊರಿದಳು. ಢುಂ.

ಇನ್ನೊಂದು ಕಾಲು. ಢುಂ. ದೊಡ್ಡ ನಗಾರಿಗೆ ಗುದ್ದಿದ ಹಾಗೆ. ಕಿಟಕಿಯ ಗಾಜುಗಳು ಗಿಲಗಿಲ ಅಂದವು, ಯಾವುದೋ ಪಾತ್ರೆ ಉರುಳಿತು, ನಾಯಿ ಕುಂಯ್ ಅಂದಿತು. ಚಿತ್ರದ ಆ ಬೀದಿಯಲ್ಲಿ ಗಾಜೂ ಇಲ್ಲ, ಪಾತ್ರೆಯೂ ಇಲ್ಲ, ನಾಯಿಯೂ ಇಲ್ಲ, ಎಲ್ಲ ಬರೀ ಸದ್ದು. ಮೆಟ್ಟಿಲು ಹತ್ತುವಾಗ ಹಲಗೆ ಸೀಳುವ ಸದ್ದು. ತಿರುವಿನಲ್ಲಿ ನಿಂತು ಕಿಟಕಿಯಾಚೆ ನೋಡುವಾಗ, ಚಿಕ್ಕಮ್ಮ ಹನ್ನೆರಡು ದಿನ ಕೂತು ಬರೆದ ಆ ಮುಖದ ಕೆಳಗೆ, ಹೊಟ್ಟೆ ಗುಡುಗುಟ್ಟುವ ಸದ್ದು.

ಮೇಲಿನ ಮನೆಯ ಹುಡುಗಿಯರು ಬಿದ್ದು ಬಿದ್ದು ನಕ್ಕರು. ಮಗು ಒಂದು ಕ್ಷಣ ಅವರ ಮುಖ ನೋಡಿತು, ಚಿಕ್ಕಮ್ಮನ ಮುಖ ನೋಡಿತು, ಆಮೇಲೆ ಎಲ್ಲರಿಗಿಂತ ಜೋರಾಗಿ ತಾನೂ ನಕ್ಕಿತು. ಆ ನಗುವಿನ ಪರಿಚಯ ಚಿಕ್ಕಮ್ಮನಿಗೆ ಚೆನ್ನಾಗಿತ್ತು. ಕಿರ್ರೆಂದ ಕುರ್ಚಿಯ ಮೇಲೆ ಕೂತು ಅವಳೇ ನಕ್ಕ ನಗು ಅದು. ಅಕ್ಕ ಎದ್ದು ಟೀವಿ ಆರಿಸಿದಳು.

ಸೋಮವಾರ ಅವಳು ಚೀಲವನ್ನೂ ಇಡದೆ ಸೌಂಡಿನವನ ಕೋಣೆಗೆ ನುಗ್ಗಿದಳು. ಅವನಿಗೆ ನಿಜವಾಗಿಯೂ ಆಶ್ಚರ್ಯ.

"ನಾನೇನು ಮಾಡ್ಲಿ ದೊಡ್ಡಕ್ಕಾ? ನೀವು ನಡೆದ್ರೆ ಸದ್ದೇ ಇಲ್ಲ. ಸದ್ದಿಲ್ದೇ ಇದ್ರೆ ದಪ್ಪ ಅಂತ ಯಾರಾದ್ರೂ ನಂಬ್ತಾರಾ? ಅದಕ್ಕೇ ಢಮಾರ್‌ಗೆ ಹಾಕಿದ್ದನ್ನೇ ಹಾಕ್ದೆ. ಯಾವಾಗ್ಲೂ ಅದೇ ಹಾಕೋದು."

ನಿಜವಾದದ್ದನ್ನು ಕೇಳಿ, ಅದು ಸಾಲದೆಂದು ಬಿಸಾಡಿ, ಸುಳ್ಳನ್ನು ತಂದು ಕೂರಿಸಿದ್ದ. ಅದೂ ಕರಡಿಯ ಸುಳ್ಳು. ಅವಳು ಮೇಷ್ಟ್ರ ಹತ್ತಿರ ಹೋದಳು. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು ಕಪಾಟಿನಿಂದ ಆ ಹಾಳೆ ತೆಗೆದರು.

"ಸಹಿ ನಿಂದೇ ಅಲ್ವೇನಮ್ಮಾ? ಒಂದು ಗೆರೆನಾದ್ರೂ ಬದಲಾಯಿಸಿದೀವಾ? ಹೇಳು."

ಒಂದು ಗೆರೆಯನ್ನೂ ಬದಲಾಯಿಸಿರಲಿಲ್ಲ.

"ಜನ ಎಷ್ಟು ಇಷ್ಟಪಟ್ಟಿದಾರೆ ಗೊತ್ತಾ? ನಿನ್ನೆಯಿಂದ ಫೋನು ನಿಂತಿಲ್ಲ. ಆ ನಡಿಗೆ ಇದೆಯಲ್ಲ, ಅಷ್ಟು ನಾಜೂಕಾಗಿ ಕಾಲಿಡ್ತಾಳೆ, ಆಮೇಲೆ ಢುಂ ಅನ್ನತ್ತೆ! ನಿನ್ನ ನಾಜೂಕಿನಿಂದಾನೇ ಅದು ಅಷ್ಟು ತಮಾಷೆ ಆಗಿರೋದು. ಇಡೀ ಕ್ರೆಡಿಟ್ಟು ನಿಂದೇ."

ಕೆಡವಿದ್ದರೆ ಒಂದು ಸಲ ಬೀಳುತ್ತಿದ್ದಳು ಟಪಾಲಮ್ಮ. ಈಗ ಹೆಜ್ಜೆ ಹೆಜ್ಜೆಗೂ ಬೀಳುತ್ತಾಳೆ, ಅದೂ ದೊಡ್ಡಕ್ಕ ನಾಲ್ಕು ತಿಂಗಳು ಬೆವರು ಸುರಿಸಿ ನಿಲ್ಲಿಸಿದ ಕಾಲಿನ ಮೇಲೆಯೇ. ಹಾಲಿಗೆ ಮರಳಿದರೆ ಯಾರೋ ಮೇಜು ತಟ್ಟಿ ಅವಳ ಹೆಜ್ಜೆಗೆ ಸರಿಯಾಗಿ ಢುಂ ಢುಂ ಅಂದರು. ಪ್ರೀತಿಯಿಂದಲೇ ಅಂದರು. ಅವಳು ಈ ಸಲ ನಗಲಿಲ್ಲ. ಯಾರೂ ಅದನ್ನು ಗಮನಿಸಲೂ ಇಲ್ಲ.

ಸಂಜೆ ಮನೆಯ ಮೆಟ್ಟಿಲು ಹತ್ತಿ ಬಾಗಿಲು ತೆಗೆದಳು. ಅಕ್ಕ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮಗು ಅಡುಗೆಮನೆಯಿಂದ ನೀರಿನ ಲೋಟ ಹಿಡಿದುಕೊಂಡು ಬರುತ್ತಿತ್ತು, ತುದಿಗಾಲಿನಲ್ಲಿ. ಹಿಮ್ಮಡಿ ನೆಲಕ್ಕೆ ತಾಗದ ಹಾಗೆ, ತುಟಿ ಕಚ್ಚಿಕೊಂಡು, ಒಂದೊಂದೇ ಹೆಜ್ಜೆ. ಲೋಟ ತುಳುಕುತ್ತಿತ್ತು.

"ಇದೇನೇ ಇದು, ಯಾಕೆ ಹಂಗೆ ನಡೀತಿದೀಯಾ?"

"ಕೆಳಗಿನ ಮನೆಯವ್ರಿಗೆ ಕೇಳ್ಸತ್ತೆ."

"ಏನು ಕೇಳ್ಸತ್ತೆ? ನಿನ್ನ ಹೆಜ್ಜೆಗೆ ಸದ್ದೇ ಇಲ್ಲ ಕಣೇ. ಅವತ್ತು ನೀನೇ ನಡೆದು ನೋಡ್ಲಿಲ್ವಾ? ನಾವಿಬ್ರೂ ಬೆಕ್ಕು ಅಂದ್ಯಲ್ಲ?"

ಮಗು ನಿಂತಿತು. ದೊಡ್ಡವರು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಮಕ್ಕಳು ಅವರ ಮುಖ ನೋಡುವುದಿಲ್ಲ. ಅದೂ ಲೋಟದ ನೀರನ್ನೇ ನೋಡಿತು.

"ನಂಗೆ ಬೇಜಾರಾಗ್ಬಾರ್ದು ಅಂತ ಹೇಳಿದ್ದು ನೀನು. ನಿನ್ನೆ ಟೀವೀಲಿ ನಾನೇ ಕೇಳಿಸ್ಕೊಂಡ್ನಲ್ಲ ಚಿಕ್ಕಮ್ಮಾ."

ಹಾಗಂದು ಲೋಟವನ್ನು ಅವಳ ಕೈಗಿತ್ತು, ಬಂದ ಹಾಗೆಯೇ ತುದಿಗಾಲಿನಲ್ಲಿ ಒಳಗೆ ಹೋಯಿತು.