ತೊಳೆದ ಕೊಡದಲ್ಲಿ ವಿಮಾನದ ಇಂಧನ

ಎರಡನೇ ಮಹಾಯುದ್ಧ ನಡೆದಿತ್ತು. ನಮ್ಮ ಸೀಮೆಯಲ್ಲಿ ಇನ್ನೂ ನಿಜಾಮರ ಆಳ್ವಿಕೆ. ನಾನಾಗ ಕಲಬುರಗಿಯಲ್ಲಿ ವಿಮಾನದ ಎಂಜಿನ್ ಮಿಸ್ತ್ರಿ. ಹೇಳಿಕೊಳ್ಳಲು ದೊಡ್ಡ ಹೆಸರು. ನೋಡಲು ಹೋದರೆ ಊರಾಚೆ ಒಂದು ಬಯಲು, ಒಂದು ತಗಡಿನ ಶೆಡ್ಡು, ಅಪರೂಪಕ್ಕೆ ಬಂದಿಳಿಯುವ ಎರಡು ಸೀಟಿನ ಪುಟ್ಟ ವಿಮಾನ. ಉಳಿದ ದಿನಗಳಲ್ಲಿ ಸ್ಟೇಶನ್ ಬಜಾರದ ಲಾರಿಗಳೇ ನನಗೆ ಅನ್ನ ಹಾಕುತ್ತಿದ್ದವು.

ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗುತ್ತಿತ್ತು. ಲಾರಿಗಳಿಗೆ ಸಿಗುತ್ತಿದ್ದದ್ದು ಪವರ್ ಆಲ್ಕೊಹಾಲ್ ಬೆರೆಸಿದ ಪೆಟ್ರೋಲು. ಇಪ್ಪೆ ಹೂವಿನಿಂದ ಸಾರಾಯಿ ಇಳಿಸುವಂತೆಯೇ ಇದನ್ನೂ ಇಳಿಸುತ್ತಿದ್ದರು. 'ಈಗ ಎಂಜಿನ್ನಿಗೂ ಕುಡಿಯೋ ಚಟ ಹತ್ತೇದ' ಎಂದು ಡ್ರೈವರುಗಳು ನಗುತ್ತಿದ್ದರು. ಲಾರಿ ನಿಂತರೆ ನಾಲ್ಕು ಮಂದಿ ಇಳಿದು ನೂಕಬಹುದು. ಆಕಾಶದಲ್ಲಿ ನೂಕುವವರು ಯಾರು? ಆ ಮಿಶ್ರಣವನ್ನು ನಾನು ವಿಮಾನದ ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಬಸ್ಸಿನ ಡ್ರೈವರೊಬ್ಬ ಸುದ್ದಿ ತಂದ. ಪೈಲಟ್ ರಶೀದ್ ಸಾಹೇಬರು ಮಂಜಿನಲ್ಲಿ ದಾರಿ ತಪ್ಪಿ, ಇಂಧನ ಮುಗಿಯುತ್ತ ಬಂದು, ಕಮಲಾಪುರದ ಬಾಳೆತೋಟದ ಪಕ್ಕದ ಬಯಲಿನಲ್ಲಿ ಇಳಿದಿದ್ದರು. ಸಾಹೇಬರು ನಮ್ಮ ಕೋಟೆಯ ಬದಿಯ ಓಣಿಯಲ್ಲೇ ಹುಟ್ಟಿ ಬೆಳೆದವರು. ಹೈದರಾಬಾದಿನಲ್ಲಿ ಅವರ ಹೆಂಡತಿಗೆ ಆಗಷ್ಟೇ ಹೆರಿಗೆಯಾಗಿತ್ತು. ಮಗಳ ಮುಖ ಇನ್ನೂ ನೋಡಿರಲಿಲ್ಲ. ಅಂದು ಅವರು ಹೊರಟಿದ್ದೇ ಅದಕ್ಕೆ.

ಊರೆಲ್ಲ ಹುಡುಕಿದರೂ ಶುದ್ಧ ಪೆಟ್ರೋಲು ಸಿಗಲಿಲ್ಲ. ಒಲ್ಲದ ಮನಸ್ಸಿನಿಂದ ಮಿಶ್ರಣದ ಒಂದು ಡ್ರಮ್ಮನ್ನೇ ಲಾರಿಗೆ ಹೇರಿಸಿಕೊಂಡು ಹೊರಟೆ. ಕಮಲಾಪುರದಲ್ಲಿ ಹಳ್ಳ ಅಡ್ಡ ಬಂತು, ಲಾರಿ ದಾಟಲಿಲ್ಲ. ಡ್ರಮ್ಮಿನಿಂದ ವಿಮಾನದವರೆಗೆ ಹೊತ್ತು ಸಾಗಿಸಬೇಕಿತ್ತು. ತೋಟದ ಯಜಮಾನಿ ಗೌರವ್ವ ತನ್ನ ಮನೆಯ ಹಿತ್ತಾಳೆ ಕೊಡಗಳನ್ನು ಕೊಟ್ಟಳು, ಹೊರಲು ಆಳುಗಳನ್ನೂ ಕೊಟ್ಟಳು. ಬೆಳಿಗ್ಗೆಯೇ ಸಾಹೇಬರಿಗೆ ರೊಟ್ಟಿ ಉಣಿಸಿ, ಕೂಸಿನ ಕಥೆಯನ್ನೆಲ್ಲ ಕೇಳಿಕೊಂಡಿದ್ದಳು. ಸುತ್ತಲಿನ ಒಲೆ, ಬೀಡಿ ಆರಿಸಲು ಹೇಳಿ ನಾನು ಎಂಜಿನ್ನಿನಲ್ಲಿ ತಲೆ ತೂರಿಸಿದೆ. ಆಲ್ಕೊಹಾಲು ಟ್ಯಾಂಕಿನ ಹಳೆಯ ಜಿಡ್ಡನ್ನು ಕರಗಿಸಿ ಕೊಳವೆ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಇಂಧನ ಸೋಸುವ ಜಾಲರಿ ಬಿಚ್ಚಿ ತೊಳೆಯಬೇಕಿತ್ತು. ಅತ್ತ ಸಾಹೇಬರು ರೆಕ್ಕೆಯ ಮೇಲೆ ನಿಂತು, ಮೆತ್ತನೆಯ ಚರ್ಮ ಹಾಸಿದ ಲಾಳಿಕೆಯಲ್ಲಿ ಸೋಸಿ ಟ್ಯಾಂಕು ತುಂಬಿಸಿಕೊಂಡರು.

ನಾನು ತಲೆ ಎತ್ತಿದಾಗ ಖಾಲಿ ಕೊಡವೊಂದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಗೌರವ್ವ ಅದರಲ್ಲಿ ನೀರು ಕುಲುಕಿ ಚೆಲ್ಲುತ್ತಿದ್ದಳು. ನಾನು ಓಡಿಹೋಗಿ ಕೇಳಿದೆ.

"ಎವ್ವಾ, ಇಂಧನ ಹಾಕೋಕಿಂತ ಮೊದಲ ಎಲ್ಲಾ ಕೊಡಾ ತೊಳದಿಯೇನು?"

"ತೊಳೀದ ಬಿಡ್ತೀನೇನು ತಮ್ಮಾ? ಒಂದೊಂದು ಸರ್ತಿನೂ ತೊಳದೇ ಕೊಟ್ಟೀನಿ. ಮನಿಗಿ ಬಂದವರಿಗಿ ಮುಸುರಿ ಕೊಡದಾಗ ಕೊಡ್ತಾರೇನು?"

ಬರೀ ಪೆಟ್ರೋಲಾಗಿದ್ದರೆ ನೀರು ಬೆರೆಯದೆ ತಳಕ್ಕೆ ಇಳಿಯುತ್ತದೆ, ಚರ್ಮವೂ ತಡೆಯುತ್ತದೆ. ಆಲ್ಕೊಹಾಲಿನ ಸ್ವಭಾವವೇ ಬೇರೆ. ನೀರನ್ನು ತನ್ನೊಳಗೆ ಬಚ್ಚಿಟ್ಟುಕೊಂಡು ಚರ್ಮವನ್ನೂ ದಾಟಿಸಿಬಿಡುತ್ತದೆ. ಟ್ಯಾಂಕಿನಿಂದ ಒಂದು ಶೀಷೆ ತುಂಬಿ ಬಿಸಿಲಿಗೆ ಹಿಡಿದೆ. ಕಣ್ಣೀರಿನಷ್ಟು ತಿಳಿಯಾಗಿತ್ತು.

"ಬಿಲ್ಕುಲ್ ಸಾಫ್ ಅದ ಮಿಸ್ತ್ರಿ. ಮತ್ಯಾಕ ತಡಾ? ನನ್ನ ಮಗಳು ಕಾಯಾಕತ್ತಾಳ," ಎಂದರು ಸಾಹೇಬರು.

"ಮ್ಯಾಲ ಥಂಡಿ ಇರ್ತದ ಸಾಹೇಬರ. ಇದು ಅಲ್ಲಿ ಹ್ಯಾಂಗ ಇರ್ತದ ನೋಡಿಬಿಡೋಣ್ರಿ," ಎಂದು ಕೈಮುಗಿದೆ.

ಬಾಳೆಯ ನೆರಳಿನಲ್ಲಿ ಗೌರವ್ವನ ಮಣ್ಣಿನ ಗಡಿಗೆ ಇತ್ತು, ರಾತ್ರಿಯ ಚಳಿಯೆಲ್ಲ ಅದರ ನೀರಿನಲ್ಲೇ ಉಳಿದಿತ್ತು. ಬಿರಡೆ ಬಿಗಿದು ಶೀಷೆಯನ್ನು ಅದರೊಳಗೆ ಮುಳುಗಿಸಿದೆ. ಸಾಹೇಬರು ಅತ್ತಿಂದಿತ್ತ ಅಡ್ಡಾಡಿದರು. ಸ್ವಲ್ಪ ಹೊತ್ತಿಗೆ ತೆಗೆದು ನೋಡಿದರೆ ಒಳಗೆಲ್ಲ ಮಜ್ಜಿಗೆಯ ತಿಳಿಯಂತೆ ಮಸುಕು. ನೋಡನೋಡುತ್ತ ನಡುವೆ ಗೆರೆ ಮೂಡಿ ಎರಡು ಪದರವಾಯಿತು. ಮೇಲೆ ಪೆಟ್ರೋಲು, ಕೆಳಗೆ ನೀರು ಕುಡಿದ ಆಲ್ಕೊಹಾಲು. ವಿಮಾನದ ಎಂಜಿನ್ನಿಗೆ ಇಂಧನ ಹೋಗುವುದು ಟ್ಯಾಂಕಿನ ತಳದಿಂದಲೇ. ಮೇಲೇರಿ ತಂಪು ತಾಗಿದ ಕೂಡಲೇ ಎಂಜಿನ್ ನಿಲ್ಲುತ್ತಿತ್ತು.

ಗೌರವ್ವ ಶೀಷೆಯನ್ನೂ ಸಾಹೇಬರ ಮುಖವನ್ನೂ ನೋಡಿ ಅಲ್ಲೇ ಕುಸಿದು ಕುಳಿತಳು. "ಆ ಹಸಿಗೂಸಿನ ಅಪ್ಪನ್ನ ನಾನೇ ಕೊಲ್ತಿದ್ನಲ್ಲೋ ಯಪ್ಪಾ!"

ಸಾಹೇಬರು ಆಕೆಯ ಎದುರು ಮಣ್ಣಿನಲ್ಲೇ ಕುಳಿತುಬಿಟ್ಟರು. "ಅಮ್ಮಾ, ಅಳಬ್ಯಾಡ್ರಿ. ನಮ್ಮ ಅಮ್ಮೀಜಾನ್ ಇದ್ದಿದ್ರೂ ತೊಳದೇ ಕೊಡ್ತಿದ್ಳು."

ಟ್ಯಾಂಕು ಪೂರ್ತಿ ಬರಿದು ಮಾಡಿದೆವು. ಡ್ರಮ್ಮಿನಲ್ಲಿ ಉಳಿದದ್ದು ಹೈದರಾಬಾದಿಗೆ ಸಾಕಾಗುತ್ತಿತ್ತು. ಮೊಮ್ಮಕ್ಕಳಿಗೆಂದು ಎತ್ತಿಟ್ಟಿದ್ದ ಹಳೆಯ ಮೆತ್ತನೆ ಸೀರೆಯನ್ನು ಗೌರವ್ವ ಹರಿದು, ಕೊಡಗಳ ಒಳಗೆಲ್ಲ ಒರೆಸಿ ಬಿಸಿಲಿಗೆ ಬೋರಲು ಹಾಕಿದಳು. ಒಣಗಿದ ಮೇಲೂ ಕೈ ಹಾಕಿ ಸವರಿ ನೋಡಿಯೇ ಕೊಟ್ಟಳು. ಮತ್ತೆ ತುಂಬಿ, ಮತ್ತೆ ಶೀಷೆಯನ್ನು ಗಡಿಗೆಯಲ್ಲಿಟ್ಟೆ. ಈ ಸಲ ಅದು ತಿಳಿಯಾಗಿಯೇ ಉಳಿಯಿತು. ಹೊರಡುವಾಗ ಬಾಣಂತಿಗೆಂದು ಅಂಟಿನುಂಡೆಯ ಗಂಟನ್ನು ಆಕೆ ಸಾಹೇಬರ ಮಡಿಲಿಗೆ ಹಾಕಿದಳು. ವಿಮಾನ ಕಣ್ಮರೆಯಾದರೂ ಕೈ ಮುಗಿದೇ ನಿಂತಿದ್ದಳು. ಸುಖವಾಗಿ ತಲುಪಿದ ಸುದ್ದಿ ಮರುದಿನ ಬಂತು. ಹೇಳಿಬರಲು ನಾನೇ ಕಮಲಾಪುರಕ್ಕೆ ಹೋದೆ.

ನಿವೃತ್ತನಾಗುವವರೆಗೂ ಒಳಗೆ ಕೈಯಾಡಿಸದೆ ಯಾವ ಡಬ್ಬಿಯಿಂದಲೂ ಇಂಧನ ಸುರಿಯಲಿಲ್ಲ. ಕೊಳಕು ಕಣ್ಣಿಗೆ ಬೀಳುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪ್ರೀತಿಯಿಂದ ಮಾಡಿದ ತಪ್ಪು ಕಾಣುವುದಿಲ್ಲ, ಅದನ್ನು ಬೈಯದೆ ಕೇಳಿಯೇ ತಿಳಿಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ಸುದ್ದಿ ಹೇಳಲು ಹೋದ ಆ ದಿನ ಗೌರವ್ವ ನನಗೆ ನೀರು ಕೊಡಲು ಚೆಂಬು ಎತ್ತಿಕೊಂಡಳು. ತೊಳೆಯಲು ಹೋದವಳು ತಡೆದು, ನನ್ನ ಮುಖ ನೋಡಿದಳು. ಆಮೇಲೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ನಿನಗ ಚಂದಾಗಿ ತೊಳದೇ ಕೊಡ್ತೀನಿ ತಮ್ಮಾ. ನೀ ಏನು ಇಮಾನ ಅಲ್ಲಲ್ಲ."