ಕತ್ತಲಲ್ಲೂ ನಿಲ್ಲದ ಪಾಠ

ಇಂದು ಶಾಲೆಯ ಗ್ರಂಥಾಲಯದಲ್ಲಿ ಹಳೆಯ ಇಂಗ್ಲಿಷ್ ಕಾದಂಬರಿಯೊಂದನ್ನು ತೆರೆದೆ. ಅದರ ಗೋಂದಿನ ವಾಸನೆ ನನ್ನನ್ನು ಹಲಸೂರಿನ ಸ್ಟೆಲ್ಲಾ ಟೀಚರ್ ಮನೆಗೆ ಕರೆದೊಯ್ದಿತು. ನಿವೃತ್ತರಾಗಿದ್ದ ಅವರು ಸಂಜೆಯ ಟ್ಯೂಷನ್ನಿನಿಂದಲೇ ಬದುಕುತ್ತಿದ್ದರು. ಇನ್ನೂರು ವರ್ಷ ಹಿಂದಿನ ಆಂಗ್ಲ ಲೇಖಕಿಯೊಬ್ಬಳ ಕಾದಂಬರಿಯನ್ನು ಅವರು ಓದುವರು, ನಾನೂ ಗೆಳತಿ ನಸ್ರೀನೂ ಕೇಳುವೆವು. ಪುಸ್ತಕ ಮುಟ್ಟಲು ನಮಗೆ ಅನುಮತಿಯಿರಲಿಲ್ಲ.

ಒಂದು ಸಂಜೆ ಕರೆಂಟ್ ಹೋಯಿತು. ಟೀಚರ್ ದನಿ ನಿಲ್ಲಲಿಲ್ಲ. ಆ ಗಾಢ ಕತ್ತಲಲ್ಲಿ ವಾಕ್ಯಗಳು ಸಾಗುತ್ತಲೇ ಇದ್ದವು, ಹಾಳೆಗಳು ಒಂದೊಂದಾಗಿ ಮಗುಚುತ್ತಲೇ ಇದ್ದವು. ನಸ್ರೀನಳ ಉಗುರು ನನ್ನ ತೋಳಿಗೆ ಒತ್ತಿತು.

"ಏನೇ ಇದು, ಹೆಂಗ್ ಓದ್ತಾವ್ರೆ?"

ದೀಪ ಬಂದಾಗ ನೋಡಿದರೆ, ಅವರ ತೊಡೆಯ ಮೇಲಿದ್ದುದು ಅದೇ ಗಾತ್ರದ ಚರ್ಚಿನ ಹಾಡಿನ ಪುಸ್ತಕ. ಕಣ್ಣುಗಳು ನಮ್ಮಿಬ್ಬರ ನಡುವಿನ ಬರಿಯ ಗೋಡೆಯ ಮೇಲೆ ನೆಟ್ಟಿದ್ದವು.

"ಟೀಚರ್, ಅದು ಆ ಪುಸ್ತಕ ಅಲ್ಲ," ಎಂದೆ.

ಅವರು ರಟ್ಟನ್ನು ನಿಧಾನವಾಗಿ ತಡವಿದರು. "ಕಣ್ಣು ಹೋಗಿ ಒಂದು ವರ್ಷ ಆಯ್ತು ಮಕ್ಕಳೇ. ಕಲಿಸಿ ಕಲಿಸಿ ಕತೆಯೆಲ್ಲ ಬಾಯಿಪಾಠ ಆಗಿದೆ. ಮನೇಲಿ ಹೇಳಿದ್ರೆ ನಾಳೆಯಿಂದ ಯಾರನ್ನೂ ಕಳಿಸಲ್ಲ."

ನಸ್ರೀನ್ ಕಪಾಟಿನಿಂದ ಕಾದಂಬರಿ ತಂದಳು. "ಎಲ್ಲಿಗೆ ನಿಲ್ಸಿದ್ರಿ ಮಿಸ್? ನಾವೇ ಓದ್ತೀವಿ, ತಪ್ಪಾದ್ರೆ ಬೈರಿ."

ಮನೆಯಲ್ಲಿ ನಾವು ಬಾಯಿ ಬಿಡಲಿಲ್ಲ. ಆ ವರ್ಷವೆಲ್ಲ ಟೀಚರ್ ನಮ್ಮನ್ನು ಮನಸಾರೆ ಬೈದರು.

ಈಗ ಆ ಕಾದಂಬರಿಯನ್ನು ನಾನು ಕಲಿಸುತ್ತೇನೆ. ಮೊದಲ ಓದು ಯಾವಾಗಲೂ ಮಕ್ಕಳದೇ.