ಮಾಸ್ಕಿನ ಹಿಂದಿನ ಕೆಂಪು ಕೆನ್ನೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳು ಆಗಲೇ ಗುಡುಗುಡು ಎನ್ನುತ್ತಿವೆ. ವಾರ್ಡುಗಳಿಂದ ಬಂದ ಚೀಲಗಳ ಬಾಯಿ ಬಿಚ್ಚಿ, ಇಲ್ಲಿನ ಹಿರಿಯ ಕೆಲಸಗಾರ್ತಿ ದೊಡ್ಡಮ್ಮ ಬಟ್ಟೆ ಬೇರ್ಪಡಿಸುತ್ತಿದ್ದಾರೆ. ರಕ್ತ ಹತ್ತಿದ ಹಾಸುಬಟ್ಟೆ ಒಂದು ಕಡೆ, ದಿಂಬಿನ ಕವರು ಇನ್ನೊಂದು ಕಡೆ. ಮಡಿಕೆಯೊಳಗೆ ಸೂಜಿ ಸಿಕ್ಕಿಕೊಂಡಿರುತ್ತದೆ, ಒಮ್ಮೊಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ. ಕೈಗೆ ಗವಸು, ಮೂಗು ಬಾಯಿಗೆ ಮಾಸ್ಕು ಇಲ್ಲದೆ ಇಲ್ಲಿ ಯಾರೂ ನಿಲ್ಲುವಂತಿಲ್ಲ.

ಗಂಡ ತೀರಿಕೊಂಡ ವರ್ಷ ಸೇರಿದ ಕೆಲಸ ಇದು. ಪಾಳಿಯೊಂದಕ್ಕೆ ಐನೂರಕ್ಕೆ ಕಮ್ಮಿಯಿಲ್ಲದಷ್ಟು ಬಟ್ಟೆ ಇವರ ಕೈ ದಾಟುತ್ತದೆ. ಮಗಳು ಬಸ್ ಕಂಡಕ್ಟರ್. ಅವಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಮೊಮ್ಮಗಳು ಅಜ್ಜಿಯ ಕೆನ್ನೆಗೆ ಕೆನ್ನೆ ಒತ್ತಿ ನಿದ್ದೆಹೋಗಿರುತ್ತಾಳೆ.

ಕಳೆದ ಬೇಸಿಗೆಯಲ್ಲಿ ಆ ಕೆನ್ನೆ ತುರಿಸತೊಡಗಿತು. ಕೆಂಪಗಾಗಿ ಸಣ್ಣ ಗುಳ್ಳೆಗಳೆದ್ದವು. ರೋಗಿಗಳ ಹೊದಿಕೆಯಿಂದಲೇ ಹುಳ ಹತ್ತಿದೆ ಎಂದು ಜೊತೆಯವರು ಗುಸುಗುಸು ಎಂದರು. ಚಹಾದ ಹೊತ್ತಿಗೆ ಬೆಂಚಿನ ಮೇಲೆ ಇವರ ಪಕ್ಕದ ಜಾಗ ಖಾಲಿ ಉಳಿಯಿತು. ತಂಗಿ ಕೊಟ್ಟ ಯಾವುದೋ ಮುಲಾಮು ಹಚ್ಚಿದರೆ ನಾಲ್ಕು ದಿನ ಇಳಿದಂತೆ ಮಾಡಿ, ಬಿಟ್ಟ ಕೂಡಲೇ ಎರಡರಷ್ಟಾಯಿತು.

“ನನ್ ಮುಖ ಹಾಳಾದ್ರೆ ಹಾಳಾಗ್ಲಿ. ಮಗೂಗೆ ಅಂಟಿಬಿಟ್ರೆ ಏನ್ ಗತಿ ಅಂತ ಜೀವ ಬಾಯಿಗೆ ಬಂದಿತ್ತು,” ಎನ್ನುತ್ತಾರೆ.

ಬೇರೆ ತಟ್ಟೆ, ಬೇರೆ ಚಾಪೆ ಮಾಡಿಕೊಂಡರು. ಮನೆಯಲ್ಲೂ ಮಾಸ್ಕು ತೆಗೆಯಲಿಲ್ಲ. ನನ್ನ ಮೇಲೆ ಕೋಪವಾ ಎಂದು ಮೊಮ್ಮಗಳು ಕೇಳಿದ ದಿನ ಮಗಳು ರಜೆ ಹಾಕಿ, ಅಮ್ಮನನ್ನು ಎಳೆದುಕೊಂಡೇ ಚರ್ಮದ ವೈದ್ಯೆಯ ಬಳಿ ಹೋದಳು.

ವೈದ್ಯೆ ಕೆನ್ನೆಯಿಂದ ಒಂಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಉದ್ದ ಮೈಯ, ಮೋಟು ಕಾಲಿನ, ಬರಿಗಣ್ಣಿಗೆ ಕಾಣದ ನುಸಿಹುಳ. ದೊಡ್ಡಮ್ಮ ಕುರ್ಚಿ ಸಮೇತ ಹಿಂದೆ ಸರಿದರು.

“ಹೆದರಬೇಡಿ ಅಮ್ಮಾ. ಇವು ನನ್ನ ಮುಖದಲ್ಲೂ ಇರ್ತವೆ, ದೊಡ್ಡವರಾದ ಹೆಚ್ಚುಕಮ್ಮಿ ಎಲ್ಲರಲ್ಲೂ ಇರ್ತವೆ. ಬಟ್ಟೆಯಿಂದ ಬಂದದ್ದಲ್ಲ. ಬೆವರಿದ ಮಾಸ್ಕಿನೊಳಗೆ ಬಿಸಿ, ತೇವ, ಮೇಲಿಂದ ಆ ಮುಲಾಮು. ಅದಕ್ಕೇ ಹೆಚ್ಚಾಗಿವೆ. ಮೊಮ್ಮಗಳ ಜೊತೆ ಆರಾಮಾಗಿ ಮಲಗಿ,” ಎಂದರು ವೈದ್ಯೆ.

ಹಳೆಯ ಮುಲಾಮು ಕಸದ ಬುಟ್ಟಿ ಸೇರಿತು, ಹೊಸ ಔಷಧಿ ಬಂತು. ಮಾಸ್ಕು ಒದ್ದೆಯಾದರೆ ಬದಲಿಸಬೇಕು, ಕೆಲಸದ ನಡುವೆ ಮುಖ ತೊಳೆದು ಗಾಳಿಗೆ ಬಿಡಬೇಕು ಎಂದೂ ವೈದ್ಯೆ ಹೇಳಿದ್ದರು. ಅದಕ್ಕೆ ಬಿಡುವು ಕೇಳಿದಾಗ ಮೇಲ್ವಿಚಾರಕ ಮೊದಲು ಹೂಂ ಅನ್ನಲಿಲ್ಲ, ಯಂತ್ರ ನಿಲ್ಲಿಸಲಾಗದು ಎಂದ. ಆಗ ದೊಡ್ಡಮ್ಮನ ಪಕ್ಕದಲ್ಲಿ ಕೂರಲು ಹಿಂಜರಿದಿದ್ದವಳೇ ತನ್ನ ಮಾಸ್ಕು ಕೆಳಗಿಳಿಸಿ ಕೆಂಪು ಕೆನ್ನೆ ತೋರಿಸಿದಳು. ಅವಳ ಹಿಂದೆ ಇನ್ನೊಬ್ಬಳು. ಈಗ ಪಾಳಿಯ ನಡುವೆ ಎಲ್ಲರಿಗೂ ಸ್ವಲ್ಪ ಬಿಡುವಿದೆ, ಹೊಸ ಮಾಸ್ಕಿದೆ.

“ಹುಳ ಪೂರ್ತಿ ಹೋಗಲ್ವಂತೆ. ಇರ್ಲಿ ಬಿಡಿ, ಹದ್ದುಬಸ್ತಿನಲ್ಲಿದ್ರೆ ಸಾಕು,” ಎಂದು ನಗುತ್ತಾರೆ ದೊಡ್ಡಮ್ಮ.

ಪತ್ರಿಕೆಗೆ ಫೋಟೊ ತೆಗೆಯಲು ಬಂದವನು ಮಾಸ್ಕು, ಗವಸಿನ ಕೆಲಸದ ವೇಷದಲ್ಲೇ ಇರಲಿ ಎಂದು ಕ್ಯಾಮೆರಾ ಎತ್ತುತ್ತಾನೆ. ದೊಡ್ಡಮ್ಮ ಬಾಗಿಲಾಚೆ ಬೆಳಕಿಗೆ ಬಂದು, ಕಿವಿಯಿಂದ ಮಾಸ್ಕಿನ ದಾರ ಬಿಡಿಸುತ್ತಾರೆ. ಕೆನ್ನೆಯ ಮೇಲೆ ಕಲೆಗಳು ಇನ್ನೂ ಇವೆ.

“ಹೀಗೇ ತೆಗಿಯಪ್ಪ. ಇಷ್ಟು ವರ್ಷದಲ್ಲಿ ಪೇಪರಿಗೆ ಅಂತ ಒಂದೇ ಸಲ ನಿಲ್ತಿರೋದು. ನಾನೇ ಅಂತ ಗೊತ್ತಾಗ್ಬೇಕಲ್ಲ.”